ಸಂಬಳವಿಲ್ಲದ ಅರವತ್ತು ವರ್ಷ: ಯೆಹೂದಿ ಮಹಿಳಾ ಸೇವಾಸಂಸ್ಥೆಗಳ ನಾಯಕತ್ವ ಯಾರ ಆಸರೆಯಲ್ಲಿ ನಿಂತಿತ್ತು?

ಅಮೆರಿಕ, ಬ್ರಿಟನ್ ಮತ್ತು ಇತರ ಪಾಶ್ಚಾತ್ಯ ದೇಶಗಳ ಯೆಹೂದಿ ಮಹಿಳಾ ಸೇವಾಸಂಸ್ಥೆಗಳಲ್ಲಿ ಒಂದು ತಲೆಮಾರು ಈಗ ಹಿಂದೆ ಸರಿಯುತ್ತಿದೆ. ಮದುವೆಯಾದ ಹೊಸತರಲ್ಲಿ ತಮ್ಮ ಬಡಾವಣೆಯ ಶಾಖೆಯನ್ನು ಸೇರಿ, ಮೊದಲು ಚಂದಾ ಎತ್ತುವ ಕೆಲಸ ಮಾಡಿ, ಆಮೇಲೆ ಖಜಾಂಚಿ, ಕಾರ್ಯದರ್ಶಿ, ಶಾಖಾಧ್ಯಕ್ಷೆ, ಪ್ರಾಂತಾಧ್ಯಕ್ಷೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಗೆ ರಾಷ್ಟ್ರೀಯ ಮಂಡಳಿಯಲ್ಲಿ ಕುಳಿತು, ನಲವತ್ತು ಐವತ್ತು ವರ್ಷ ಒಂದು ಕಾಸು ಸಂಬಳ ಪಡೆಯದೆ ದುಡಿದ ಹೆಂಗಸರ ತಲೆಮಾರು ಅದು. ಅವರು ಬಿಟ್ಟುಹೋಗುವ ಜಾಗ ಹಿಂದಿನಂತೆ ತುಂಬುತ್ತಿಲ್ಲ. ಶಾಖೆಗಳು ಒಂದರೊಳಗೊಂದು ವಿಲೀನವಾಗುತ್ತಿವೆ. ಇಡೀ ಸಂಸ್ಥೆಗಳೇ ರೂಪ ಬದಲಿಸಿಕೊಂಡಿವೆ. ಬ್ನೈ ಬ್ರಿತ್ ಎಂಬ ಪುರುಷರ ಸಂಘಟನೆಯ ಮಹಿಳಾ ಅಂಗವಾಗಿದ್ದ ಸಂಸ್ಥೆಯೊಂದು 1995ರಲ್ಲಿ ‘ಜ್ಯೂಯಿಷ್ ವಿಮೆನ್ ಇಂಟರ್‌ನ್ಯಾಷನಲ್’ ಎಂಬ ಹೊಸ ಹೆಸರು ಪಡೆದು, ಮುಖ್ಯವಾಗಿ ಮನೆಯೊಳಗಿನ ಹಿಂಸೆಯ ವಿರುದ್ಧ ಕೆಲಸ ಮಾಡುವ ಸಂಸ್ಥೆಯಾಯಿತು. ವೃತ್ತಿಶಿಕ್ಷಣಕ್ಕೆ ಹಣ ಕೂಡಿಸುತ್ತಿದ್ದ ಅಮೆರಿಕದ ‘ಓರ್ಟ್’ ಮಹಿಳಾ ಸಂಘವು ಈ ಶತಮಾನದ ಮೊದಲ ದಶಕದಲ್ಲಿ ತನ್ನ ಸೋದರ ಸಂಸ್ಥೆಯೊಂದಿಗೆ ಕೂಡಿಕೊಂಡು ಪ್ರತ್ಯೇಕ ಮಹಿಳಾ ಸಂಘಟನೆಯಾಗಿ ಉಳಿಯಲಿಲ್ಲ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಈಗಿನ ಹೆಣ್ಣುಮಕ್ಕಳಿಗೆ ಹಿಂದಿನವರ ಶ್ರದ್ಧೆ ಇಲ್ಲ ಎಂಬುದು. ಈ ವಿವರಣೆ ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು ಎಂದು ನನ್ನ ಅಭಿಪ್ರಾಯ. ಜೀವಮಾನವಿಡೀ ಸಂಬಳವಿಲ್ಲದೆ ಸಂಸ್ಥೆ ನಡೆಸಿದ ಮಹಿಳೆಯರ ಬದುಕನ್ನು ಹತ್ತಿರದಿಂದ ನೋಡಿದರೆ, ಅವರ ಶ್ರದ್ಧೆಯ ಜೊತೆಗೆ ಇನ್ನೊಂದು ಸಂಗತಿ ಎಲ್ಲೆಡೆ ಕಾಣುತ್ತದೆ. ಅವರ ಊಟದ, ಬಾಡಿಗೆಯ, ಪ್ರಯಾಣದ, ಬಿಡುವಿನ ಖರ್ಚನ್ನು ಯಾರೋ ಕೊಡುತ್ತಿದ್ದರು. ಒಬ್ಬರಿಗೆ ತಂದೆಯ ಆಸ್ತಿ, ಇನ್ನೊಬ್ಬರಿಗೆ ಗಂಡನ ವರಮಾನ, ಮತ್ತೊಬ್ಬರಿಗೆ ಸ್ನೇಹಿತರ ಕೊಡುಗೆ. ಕನ್ನಡದಲ್ಲಿ ಸಂಘಸಂಸ್ಥೆಗಳ ಲೆಟರ್‌ಹೆಡ್ಡಿನ ಮೇಲೆ ‘ಗೌರವ ಕಾರ್ಯದರ್ಶಿ’ ಎಂದಿದ್ದರೆ ಅವರಿಗೆ ಸಂಬಳವಿಲ್ಲ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಆ ಗೌರವವನ್ನು ಸಾಕಿದವರು ಯಾರು ಎಂಬುದು ಮಾತ್ರ ಎಲ್ಲಿಯೂ ಅಚ್ಚಾಗುವುದಿಲ್ಲ. ಈಗ ಕುಸಿದಿರುವುದು ಆ ಅಚ್ಚಾಗದ ಆಸರೆ.

ಮೊದಲು ಈ ಸೇವೆಯ ಹಿನ್ನೆಲೆಯಲ್ಲಿರುವ ಭಾವನೆಯನ್ನು ತಿಳಿದುಕೊಳ್ಳಬೇಕು. ಯೆಹೂದಿ ಪರಂಪರೆಯಲ್ಲಿ ದಾನಕ್ಕೆ ಬಳಕೆಯಾಗುವ ಹೀಬ್ರೂ ಪದ ‘ತ್ಸೆದಾಕಾ’. ಅದರ ಬೇರಿನಲ್ಲಿರುವ ಅರ್ಥ ನ್ಯಾಯ. ಕೊಡುವುದು ದಯೆಯ ಮಾತಾಗದೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಕರ್ತವ್ಯವಾಗುತ್ತದೆ. 12ನೆಯ ಶತಮಾನದ ಯೆಹೂದಿ ತತ್ವಜ್ಞಾನಿ ಮೈಮೋನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿ, ಬಿದ್ದವನು ತನ್ನ ಕಾಲ ಮೇಲೆ ನಿಲ್ಲುವಂತೆ ಸಾಲವನ್ನೋ ಕೆಲಸವನ್ನೋ ಒದಗಿಸುವುದನ್ನು ಎಲ್ಲಕ್ಕಿಂತ ಮೇಲಿಟ್ಟರು. ಸಿನಗಾಗ್ ಎಂಬ ಯೆಹೂದಿ ಪ್ರಾರ್ಥನಾಮಂದಿರದ ಪೀಠವೂ ಸಮುದಾಯದ ಆಡಳಿತವೂ ಗಂಡಸರ ಕೈಯಲ್ಲಿದ್ದ ಕಾಲದಲ್ಲಿ ಹೆಂಗಸರಿಗೆ ಸಾರ್ವಜನಿಕ ಬದುಕಿನೊಳಗೆ ತೆರೆದಿದ್ದ ಬಾಗಿಲು ಈ ತ್ಸೆದಾಕಾ. ಆ ಬಾಗಿಲಿನಿಂದ ಒಳಬಂದವರು ಲೆಕ್ಕ ಬರೆಯುವುದನ್ನು, ಸಭೆ ನಡೆಸುವುದನ್ನು, ಅಧಿಕಾರಿಗಳೊಡನೆ ವಾದಿಸುವುದನ್ನು ಕಲಿತರು.

ಫಿಲಡೆಲ್ಫಿಯಾದ ರೆಬೆಕಾ ಗ್ರಾಟ್ಜ್ ಅವರಲ್ಲಿ ಮೊದಲಿಗರ ಸಾಲಿನವರು. 1781ರಲ್ಲಿ ಶ್ರೀಮಂತ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ ಅವರು ಇಪ್ಪತ್ತನೆಯ ವಯಸ್ಸಿನಲ್ಲಿ, 1801ರಲ್ಲಿ, ಕ್ರೈಸ್ತ ಮತ್ತು ಯೆಹೂದಿ ಮಹಿಳೆಯರು ಕೂಡಿ ಕಟ್ಟಿದ ಬಡ ಹೆಂಗಸರ ಸಹಾಯ ಸಂಘದ ಕಾರ್ಯದರ್ಶಿಯಾದರು. ನಗರದ ಅನಾಥಾಲಯದ ಕಾರ್ಯದರ್ಶಿಯಾಗಿ ಸುಮಾರು ನಲವತ್ತು ವರ್ಷ ಇದ್ದರು. 1819ರಲ್ಲಿ ಅವರು ಮುಂದಾಗಿ ಕಟ್ಟಿದ ‘ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿ’ ಅಮೆರಿಕದಲ್ಲಿ ಸಿನಗಾಗ್‌ನ ಅಧೀನಕ್ಕೆ ಒಳಪಡದ ಮೊದಲ ಯೆಹೂದಿ ಮಹಿಳಾ ಸೇವಾಸಂಘ. ಇದಕ್ಕೊಂದು ಖಚಿತ ಕಾರಣವಿತ್ತು. ಬಡ ಯೆಹೂದಿ ಮನೆಗಳಿಗೆ ಸೌದೆ, ಬಟ್ಟೆ, ಆಹಾರ ಹೊತ್ತು ಬರುತ್ತಿದ್ದ ಕೆಲವು ಕ್ರೈಸ್ತ ಸೇವಾಸಂಘಗಳು ಅದರೊಂದಿಗೆ ಮತಾಂತರದ ಮಾತನ್ನೂ ತರುತ್ತಿದ್ದವು. ಹಸಿದವರು ನಂಬಿಕೆ ಮತ್ತು ಊಟಗಳ ನಡುವೆ ಆಯ್ಕೆ ಮಾಡಿಕೊಳ್ಳುವಂತಾಗಬಾರದು ಎಂಬುದು ಗ್ರಾಟ್ಜ್ ಅವರ ಕಳಕಳಿಯಾಗಿತ್ತು. 1838ರ ಮಾರ್ಚ್ 4ರಂದು, ಅವರ 57ನೆಯ ಹುಟ್ಟುಹಬ್ಬದ ದಿನ, ಮಕ್ಕಳಿಗೆ ಧರ್ಮಶಿಕ್ಷಣ ಕೊಡುವ ಹೀಬ್ರೂ ಭಾನುವಾರದ ಶಾಲೆ ತೆರೆಯಿತು. ಅಲ್ಲಿ ಶುಲ್ಕವಿರಲಿಲ್ಲ, ಕಲಿಸುವವರು ಹೆಂಗಸರು, ಅವರಿಗೆ ಸಂಬಳವಿರಲಿಲ್ಲ. ಎಂಬತ್ತು ದಾಟುವವರೆಗೂ ಅವರೇ ಅದರ ಮೇಲ್ವಿಚಾರಕಿಯಾಗಿದ್ದರು.

ಅರವತ್ತು ವರ್ಷಗಳ ಈ ದುಡಿಮೆ ದೊಡ್ಡದು, ನಿಜ. ಅದಕ್ಕೆ ಆಧಾರವಾಗಿದ್ದುದು ಅಣ್ಣತಮ್ಮಂದಿರೊಡನೆ ಹಂಚಿಕೊಂಡ ಮನೆ ಮತ್ತು ಕುಟುಂಬದ ವ್ಯಾಪಾರದ ಹಣ. ಅವರು ಮದುವೆಯಾಗಲಿಲ್ಲ, ಆದರೂ ಮನೆವಾರ್ತೆಯಿಂದ ಬಿಡುಗಡೆ ಇರಲಿಲ್ಲ. 1823ರಲ್ಲಿ ತಂಗಿ ರೇಚಲ್ ತೀರಿಕೊಂಡಾಗ ಆಕೆಯ ಮಕ್ಕಳನ್ನು ಸಾಕುವ ಹೊಣೆಯೂ ಇವರದೇ ಆಯಿತು.

ಜರ್ಮನಿಯ ಬರ್ತಾ ಪಾಪೆನ್‌ಹೈಮ್ ಅವರ ಬದುಕಿನಲ್ಲಿ ಇದೇ ಆಧಾರ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. 1859ರಲ್ಲಿ ವಿಯೆನ್ನಾದ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಅವರನ್ನು ಮನೋವಿಶ್ಲೇಷಣೆಯ ಚರಿತ್ರೆ ‘ಅನ್ನಾ ಓ’ ಎಂಬ ರೋಗಿಯಾಗಿ ನೆನಪಿಟ್ಟುಕೊಂಡಿದೆ. ಆ ಕಾಯಿಲೆಯ ಕೆಲವೇ ವರ್ಷಗಳ ನೆರಳಿನಲ್ಲಿ, ನಂತರದ ನಾಲ್ಕು ದಶಕಗಳ ಕೆಲಸ ಮರೆಯಾಗಿರುವುದು ನನಗೆ ಬಹಳ ನೋವಿನ ಸಂಗತಿ. ಫ್ರಾಂಕ್‌ಫರ್ಟಿಗೆ ಬಂದ ಮೇಲೆ ಅವರು 1895ರಿಂದ ಹನ್ನೆರಡು ವರ್ಷ ಯೆಹೂದಿ ಹೆಣ್ಣುಮಕ್ಕಳ ಅನಾಥಾಲಯವನ್ನು ನಡೆಸಿದರು. 1904ರಲ್ಲಿ ಜರ್ಮನಿಯ ಯೆಹೂದಿ ಮಹಿಳಾ ಒಕ್ಕೂಟ ಸ್ಥಾಪನೆಯಾದಾಗ ಅದರ ಅಧ್ಯಕ್ಷೆಯಾಗಿ ಇಪ್ಪತ್ತು ವರ್ಷ ಇದ್ದರು. 1920ರ ದಶಕದಲ್ಲಿ ಒಕ್ಕೂಟಕ್ಕೆ ಸುಮಾರು 50,000 ಸದಸ್ಯೆಯರಿದ್ದರು. ಪೂರ್ವ ಯುರೋಪಿನ ಬಡ ಯೆಹೂದಿ ಹುಡುಗಿಯರನ್ನು ಮದುವೆಯ, ನೌಕರಿಯ ಆಸೆ ತೋರಿಸಿ ವೇಶ್ಯಾವಾಟಿಕೆಗೆ ಸಾಗಿಸುತ್ತಿದ್ದ ಜಾಲದ ಬಗ್ಗೆ ಅವರು ಅಲ್ಲಿನ ಗಲಿಷಿಯಾ ಪ್ರಾಂತದ ಊರೂರು ಸುತ್ತಿ ಮಾಹಿತಿ ಕಲೆಹಾಕಿದರು. ಸಾಗಣೆದಾರರಲ್ಲಿ ಯೆಹೂದಿಗಳೂ ಇದ್ದಾರೆ ಎಂದು ಬಹಿರಂಗವಾಗಿ ಹೇಳಿದ್ದರಿಂದ ಸ್ವಂತ ಸಮುದಾಯದ ಹಿರಿಯರ ಸಿಟ್ಟಿಗೂ ಗುರಿಯಾದರು. ಹೀಗೆ ಹೇಳಿದರೆ ಯೆಹೂದಿ ದ್ವೇಷಿಗಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ ಎಂಬುದು ಆ ಹಿರಿಯರ ಹೆದರಿಕೆ. 1907ರಲ್ಲಿ ನೊಯ್-ಇಸೆನ್‌ಬರ್ಗ್‌ನಲ್ಲಿ ಅವರು ತೆರೆದ ಮನೆಯಲ್ಲಿ ಅಪಾಯದಲ್ಲಿದ್ದ ಹುಡುಗಿಯರಿಗೆ, ಮದುವೆಯಿಲ್ಲದೆ ತಾಯಂದಿರಾದವರಿಗೆ ಮತ್ತು ಅವರ ಮಕ್ಕಳಿಗೆ ಆಶ್ರಯ ಸಿಕ್ಕಿತು. ಪಾಪೆನ್‌ಹೈಮ್ 1936ರಲ್ಲಿ ತೀರಿಕೊಂಡರು. 1938ರ ನವೆಂಬರ್‌ನಲ್ಲಿ ನಾಜಿ ಗುಂಪು ಆ ಮನೆಯ ಮುಖ್ಯ ಕಟ್ಟಡಕ್ಕೆ ಬೆಂಕಿ ಇಟ್ಟಿತು. ಅದೇ ವರ್ಷ ಒಕ್ಕೂಟವನ್ನೂ ಬಲವಂತವಾಗಿ ಮುಚ್ಚಲಾಯಿತು.

ಸಮುದಾಯದ ದೊಡ್ಡವರನ್ನು ಎದುರಿಸಿ ಮಾತನಾಡುವ ಧೈರ್ಯ ಪಾಪೆನ್‌ಹೈಮ್ ಅವರಿಗೆ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ, ಅವರ ಸ್ವಭಾವದ ಜೊತೆಗೆ ಅವರ ಪಿತ್ರಾರ್ಜಿತವನ್ನೂ ಹೆಸರಿಸಬೇಕಾಗುತ್ತದೆ. ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲವಾದ್ದರಿಂದ ಯಾರೂ ಅದನ್ನು ನಿಲ್ಲಿಸುವಂತಿರಲಿಲ್ಲ. ಸಂಬಳವಿಲ್ಲದ ನಾಯಕತ್ವದ ನಿಜವಾದ ಶಕ್ತಿ ಈ ಸ್ವಾತಂತ್ರ್ಯದಲ್ಲಿತ್ತು. ಆದರೆ ಅದು ಆಸ್ತಿ ಇದ್ದವರಿಗೆ ಮಾತ್ರ ದೊರೆಯುವ ಸ್ವಾತಂತ್ರ್ಯವಾಗಿತ್ತು. ಒಳ್ಳೆಯ ಮನಸ್ಸಿದ್ದರೂ ಹೊಲಿಗೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಯುತ್ತಿದ್ದ ಯೆಹೂದಿ ಹೆಣ್ಣುಮಗಳು ಮಧ್ಯಾಹ್ನ ಮೂರು ಗಂಟೆಯ ಮಂಡಳಿ ಸಭೆಗೆ ಹೋಗುವಂತಿರಲಿಲ್ಲ. ನೆರವು ಪಡೆಯುವವರ ಪಟ್ಟಿಯಲ್ಲಿ ಆಕೆಯ ಹೆಸರು ಇರಬಹುದಿತ್ತು, ತೀರ್ಮಾನ ಕೈಗೊಳ್ಳುವವರ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಈ ಮಾತಿಗೆ ಒಂದು ಮಹತ್ವದ ಅಪವಾದ ಹೆನ್ರಿಯೆಟ್ಟಾ ಜೋಲ್ಡ್. ಅವರ ಬದುಕನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಇಂದಿನ ಬಿಕ್ಕಟ್ಟಿಗೆ ಬೇಕಾದ ಸುಳಿವು ಅಲ್ಲಿಯೇ ಇದೆ. ಬಾಲ್ಟಿಮೋರ್‌ನ ರಬ್ಬಿಯೊಬ್ಬರ (ಯೆಹೂದಿ ಧರ್ಮಗುರುವಿನ) ಹಿರಿಯ ಮಗಳಾಗಿ 1860ರಲ್ಲಿ ಹುಟ್ಟಿದ ಜೋಲ್ಡ್ ಅವರಿಗೆ ಆಸ್ತಿ ಇರಲಿಲ್ಲ. ಅವರು ದುಡಿದು ತಿನ್ನಬೇಕಿತ್ತು. ಶಾಲೆಯಲ್ಲಿ ಪಾಠ ಹೇಳುತ್ತಲೇ, 1889ರಲ್ಲಿ, ರಷ್ಯಾದ ಹಿಂಸೆಯಿಂದ ಓಡಿಬಂದ ವಲಸಿಗರಿಗೆ ಇಂಗ್ಲಿಷ್ ಕಲಿಸುವ ರಾತ್ರಿ ಶಾಲೆ ತೆರೆದರು. 1893ರಿಂದ ಜ್ಯೂಯಿಷ್ ಪಬ್ಲಿಕೇಷನ್ ಸೊಸೈಟಿಯಲ್ಲಿ ವರ್ಷಕ್ಕೆ 1,000 ಡಾಲರ್ ಸಂಬಳದ ಕಾರ್ಯದರ್ಶಿಯಾದರು. ಹುದ್ದೆಯ ಹೆಸರು ಕಾರ್ಯದರ್ಶಿ ಎಂದಿದ್ದರೂ ಅನುವಾದ, ಸಂಪಾದನೆ, ಕರಡು ತಿದ್ದುವಿಕೆ ಎಲ್ಲವೂ ಅವರ ಮೇಲೆಯೇ ಬಿದ್ದಿತ್ತು. 1909ರಲ್ಲಿ ತಾಯಿಯೊಡನೆ ಪ್ಯಾಲೆಸ್ಟೈನಿಗೆ ಹೋದಾಗ, ಟ್ರಕೋಮಾ ರೋಗದಿಂದ ಕಣ್ಣು ಕಳೆದುಕೊಳ್ಳುತ್ತಿದ್ದ ಮಕ್ಕಳನ್ನು ಕಂಡದ್ದು ಅವರ ಮುಂದಿನ ದಾರಿಯನ್ನು ನಿರ್ಧರಿಸಿತು. 1912ರ ಫೆಬ್ರುವರಿ 24ರಂದು, ಪೂರಿಮ್ ಹಬ್ಬದ ಹೊತ್ತಿಗೆ, ನ್ಯೂಯಾರ್ಕಿನಲ್ಲಿ ಕೆಲವು ಮಹಿಳೆಯರು ಸೇರಿ ಸಂಘ ಕಟ್ಟಿದರು. ಆ ಹಬ್ಬದ ನಾಯಕಿ ಎಸ್ತೇರ್ ರಾಣಿಯ ಹೀಬ್ರೂ ಹೆಸರಾದ ‘ಹದಸ್ಸಾ’ ಸಂಘದ ಹೆಸರಾಯಿತು. ಮರುವರ್ಷವೇ ರೋಸ್ ಕಪ್ಲಾನ್ ಮತ್ತು ರೇಚಲ್ ಲ್ಯಾಂಡಿ ಎಂಬ ಇಬ್ಬರು ನರ್ಸುಗಳು ಜೆರುಸಲೆಮ್ಮಿಗೆ ಹೋಗಿ ಬಾಣಂತಿಯರ ಆರೈಕೆಯನ್ನೂ ಶಾಲಾ ಮಕ್ಕಳ ಕಣ್ಣಿನ ಚಿಕಿತ್ಸೆಯನ್ನೂ ಆರಂಭಿಸಿದರು.

ಆಗ ಜೋಲ್ಡ್ ಹಗಲು ನೌಕರಿ ಮಾಡಿ, ಸಂಜೆಯೂ ರಾತ್ರಿಯೂ ಹದಸ್ಸಾದ ಪತ್ರ ಬರೆಯುತ್ತಿದ್ದರು. ಇದು ಬಹುಕಾಲ ನಡೆಯುವಂತಿರಲಿಲ್ಲ. 1916ರಲ್ಲಿ ನ್ಯಾಯಮೂರ್ತಿ ಜೂಲಿಯನ್ ಮ್ಯಾಕ್ ಮುಂದಾಗಿ ಕೆಲವು ದಾನಿಗಳನ್ನು ಒಟ್ಟುಗೂಡಿಸಿ, ಜೋಲ್ಡ್ ಅವರಿಗೆ ಜೀವನಪರ್ಯಂತ ವರಮಾನ ಸಿಗುವಂತೆ ಏರ್ಪಾಟು ಮಾಡಿದರು. ಆ ನಂತರವೇ ಅವರು ನೌಕರಿ ಬಿಟ್ಟದ್ದು. ಅಂದರೆ, ಸಂಬಳವಿಲ್ಲದ ಸೇವೆಗೆ ಜಗತ್ತೇ ಉದಾಹರಣೆಯಾಗಿ ತೋರಿಸುವ ಹೆಣ್ಣುಮಗಳು ಐವತ್ತೈದನೆಯ ವಯಸ್ಸಿನವರೆಗೆ ಸಂಬಳಕ್ಕೆ ದುಡಿದವರು, ಬೇರೆಯವರು ಅವರ ಹೊಟ್ಟೆಬಟ್ಟೆಯ ಹೊಣೆ ಹೊತ್ತ ಮೇಲೆ ಪೂರ್ಣಾವಧಿ ಸ್ವಯಂಸೇವಕಿಯಾದವರು. ಇದರಿಂದ ಅವರ ಹಿರಿಮೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. 1933ರ ಜನವರಿ 30ರಂದು, ಹಿಟ್ಲರ್ ಅಧಿಕಾರಕ್ಕೆ ಬಂದ ದಿನವೇ, ಬರ್ಲಿನ್ನಿನಲ್ಲಿ ರೇಖಾ ಫ್ರೈಯರ್ ಎಂಬ ಮಹಿಳೆ ಯೆಹೂದಿ ಹದಿಹರೆಯದವರನ್ನು ಜರ್ಮನಿಯಿಂದ ಹೊರಗೆ ಕಳಿಸುವ ಸಮಿತಿಯನ್ನು ವಿಧಿವತ್ತಾಗಿ ಸ್ಥಾಪಿಸಿದರು. ಆ ಮಕ್ಕಳನ್ನು ಪ್ಯಾಲೆಸ್ಟೈನಿನಲ್ಲಿ ಬರಮಾಡಿಕೊಂಡು ನೆಲೆಗೊಳಿಸುವ ಹೊಣೆ ಎಪ್ಪತ್ತು ದಾಟಿದ ಜೋಲ್ಡ್ ಅವರ ಪಾಲಿಗೆ ಬಂತು. 1934ರಲ್ಲಿ ಮೊದಲ ಗುಂಪು ಹೈಫಾ ಬಂದರಿಗೆ ಇಳಿದಾಗ ಅವರು ಖುದ್ದಾಗಿ ಅಲ್ಲಿದ್ದರು. ಸ್ವಂತ ಮಕ್ಕಳಿಲ್ಲದ ಅವರು ಸಾವಿರಾರು ಮಕ್ಕಳ ಊರು, ಶಾಲೆ, ಜೊತೆಗಾರರನ್ನು ಕುರಿತು ಒಂದೊಂದಾಗಿ ಯೋಚಿಸಿದರು.

ಇಂಥ ಬದುಕುಗಳಿಂದ ಸಂಸ್ಥೆಗೆ ಸಿಗುವ ಮುಖ್ಯ ಲಾಭ ಪುಕ್ಕಟೆ ದುಡಿಮೆ ಎಂದು ಹಲವರು ಭಾವಿಸುತ್ತಾರೆ. ದುಡಿಮೆಯನ್ನು ಹಣ ಕೊಟ್ಟು ಪಡೆಯಬಹುದು. ಯಾವ ಮನೆಯ ವಿಧವೆ ಕೇಳಲು ನಾಚುತ್ತಾಳೆ, ಯಾವ ದಾನಿ ಹೆಸರು ಹಾಕಿದರೆ ಬೇಸರಿಸುತ್ತಾನೆ, ಇಪ್ಪತ್ತು ವರ್ಷದ ಹಿಂದೆ ಇದೇ ಯೋಜನೆ ಏಕೆ ಬಿತ್ತು ಎಂಬ ನೆನಪು ಹಾಗೆ ಸಿಗುವುದಿಲ್ಲ. ಸಂಬಳದ ನಿರ್ದೇಶಕರು ಐದಾರು ವರ್ಷಕ್ಕೆ ಬೇರೆ ಕಡೆಗೆ ಹೋಗುತ್ತಾರೆ. ಸ್ವಯಂಸೇವಕ ಅಧ್ಯಕ್ಷೆ ಅದೇ ಊರಿನಲ್ಲಿ, ಅದೇ ಸಿನಗಾಗ್‌ನಲ್ಲಿ, ತನ್ನ ತೀರ್ಮಾನದ ಫಲವನ್ನು ಅನುಭವಿಸುತ್ತಿರುವವರ ಎದುರಲ್ಲೇ ಬಾಳುತ್ತಾಳೆ. ಹದಸ್ಸಾ ಕಟ್ಟಿದ ಟೆಲ್ ಅವೀವ್ ಆಸ್ಪತ್ರೆಯನ್ನು 1931ರಲ್ಲಿ ನಗರಸಭೆಗೆ ಒಪ್ಪಿಸಿದಂಥ ನಿರ್ಧಾರಗಳ ಹಿಂದೆ ಈ ದೀರ್ಘ ದೃಷ್ಟಿ ಇದೆ. ನಡೆಯಬಲ್ಲದ್ದನ್ನು ಊರಿನವರ ಕೈಗೆ ಕೊಟ್ಟು ತಾನು ಮುಂದಿನ ಕೊರತೆಯ ಕಡೆಗೆ ಹೋಗುವುದು ಆ ಸಂಸ್ಥೆಯ ಪದ್ಧತಿಯೇ ಆಗಿತ್ತು.

ಎರಡನೆಯ ಮಹಾಯುದ್ಧದ ನಂತರದ ಮೂರು ದಶಕ ಈ ಸಂಘಟನೆಗಳ ಸುಗ್ಗಿಯ ಕಾಲ. ಹದಸ್ಸಾದ ಸದಸ್ಯೆಯರ ಸಂಖ್ಯೆ ಮೂರು ಲಕ್ಷ ದಾಟಿತು. 1961ರಲ್ಲಿ ಜೆರುಸಲೆಮ್ಮಿನ ಐನ್ ಕೆರೆಮ್‌ನಲ್ಲಿ ಅದರ ದೊಡ್ಡ ಆಸ್ಪತ್ರೆ ತೆರೆಯಿತು. ಮಧ್ಯಾಹ್ನದ ಊಟದ ಕೂಟ, ಹಳೆ ಬಟ್ಟೆಯ ಮಾರಾಟ, ಸದಸ್ಯೆಯರೇ ಬರೆದು ಅಚ್ಚು ಹಾಕಿಸಿದ ಅಡುಗೆ ಪುಸ್ತಕ ಇವುಗಳಿಂದ ಬಂದ ಚಿಲ್ಲರೆ ಹಣ ಅಲ್ಲಿ ವಾರ್ಡುಗಳಾಯಿತು. ಈ ಏರ್ಪಾಟಿನ ಅಡಿಗಲ್ಲು, ಒಬ್ಬರ ಸಂಬಳದಲ್ಲಿ ಮನೆ ನಡೆಯುತ್ತಿದ್ದ ಮಧ್ಯಮ ವರ್ಗ. ಅಮೆರಿಕದಲ್ಲಿ 1950ರಲ್ಲಿ ವಯಸ್ಕ ಮಹಿಳೆಯರ ಪೈಕಿ ಸುಮಾರು 34 ಪ್ರತಿಶತ ಮಂದಿ ದುಡಿಮೆಯ ಮಾರುಕಟ್ಟೆಯಲ್ಲಿದ್ದರೆ, 1999ರ ವೇಳೆಗೆ ಆ ಪ್ರಮಾಣ 60 ಪ್ರತಿಶತಕ್ಕೆ ಏರಿತು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರಬಲ್ಲವರು ಯಾರು ಎಂಬ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮಹಿಳಾ ಸಂಘಟನೆ, ಸೇವೆಯ ಹೆಸರಿನಲ್ಲಿ ಹೆಂಗಸರ ದುಡಿಮೆಗೆ ಬೆಲೆ ಕಟ್ಟದಿರುವುದನ್ನು ಪ್ರಶ್ನಿಸಿ, ಸಮಾಜವನ್ನು ಬದಲಿಸುವ ಹೋರಾಟಗಳಿಗೆ ಮಾತ್ರ ಉಚಿತವಾಗಿ ದುಡಿಯಿರಿ ಎಂಬ ನಿಲುವು ತಳೆಯಿತು. ಹಲವು ಹಿರಿಯ ಸ್ವಯಂಸೇವಕಿಯರಿಗೆ ಇದು ತಮ್ಮ ಬದುಕನ್ನೇ ಹಗುರ ಮಾಡಿದ ಮಾತಾಗಿ ಕೇಳಿಸಿತು. ಎರಡೂ ಕಡೆಯ ಮಾತಿನಲ್ಲಿ ಸತ್ಯವಿತ್ತು: ಆ ದುಡಿಮೆ ಅಮೂಲ್ಯವಾಗಿತ್ತು, ಮತ್ತು ಅದಕ್ಕೆ ಬೆಲೆ ಕಟ್ಟದಿದ್ದುದರಿಂದ ಯಾರೋ ನಷ್ಟ ಹೊತ್ತಿದ್ದರು.

ಇದರ ಮೇಲೆ ಬೇರೆ ಕಾರಣಗಳೂ ಸೇರಿವೆ. ಇಸ್ರೇಲಿನ ನೀತಿಗಳ ಬಗ್ಗೆ ಅಮೆರಿಕದ ಯೆಹೂದಿ ಯುವಜನರಲ್ಲಿ ಒಡಕು ಬೆಳೆದಿದ್ದು, ಹದಸ್ಸಾ ಅಥವಾ ‘ವಿಜೋ’ ಎಂಬ ಅಂತರರಾಷ್ಟ್ರೀಯ ಮಹಿಳಾ ಸಂಘಟನೆಯಂಥ, ಪ್ಯಾಲೆಸ್ಟೈನಿನಲ್ಲಿ ಯೆಹೂದಿಗಳಿಗೆ ನೆಲೆ ಕಟ್ಟುವ ಜಿಯೋನಿಸ್ಟ್ ಚಳವಳಿಯಿಂದ ಹುಟ್ಟಿದ ಸಂಸ್ಥೆಗಳಿಗೆ ಸೇರುವುದು ಈಗ ತಾಯಿಯಿಂದ ಮಗಳಿಗೆ ತಾನಾಗಿ ದಾಟುವ ರೂಢಿಯಾಗಿ ಉಳಿದಿಲ್ಲ. (ಜೋಲ್ಡ್ ಸ್ವತಃ ತಮ್ಮ ಕೊನೆಯ ವರ್ಷಗಳಲ್ಲಿ ಯೆಹೂದಿ ಮತ್ತು ಅರಬರು ಸಮಾನವಾಗಿ ಆಳುವ ಒಂದೇ ರಾಜ್ಯ ಬೇಕೆಂದ ‘ಇಹುದ್’ ಗುಂಪಿನಲ್ಲಿದ್ದರು ಎಂಬುದನ್ನು ಇಂದಿನ ಈ ಜಗಳದಲ್ಲಿ ಎರಡೂ ಕಡೆಯವರು ಅಪರೂಪಕ್ಕೆ ನೆನೆಯುತ್ತಾರೆ.) ಹಣದ ವ್ಯವಹಾರದ ಗಾತ್ರವೂ ಬದಲಾಗಿದೆ. ಅಮೆರಿಕದ ಹಣಹೂಡಿಕೆ ವ್ಯವಹಾರಸ್ಥ ಬರ್ನಾರ್ಡ್ ಮ್ಯಾಡಾಫ್‌ನ ವಂಚನೆ 2008ರಲ್ಲಿ ಬಯಲಾದಾಗ ಹದಸ್ಸಾ ಅವನಲ್ಲಿ 4 ಕೋಟಿ ಡಾಲರ್ ಹೂಡಿತ್ತೆಂದು ತಿಳಿದುಬಂತು. ವರ್ಷಗಳುದ್ದಕ್ಕೂ ಹೂಡಿದ್ದಕ್ಕಿಂತ ಹೆಚ್ಚು ಹಣವನ್ನು ಹಿಂಪಡೆದಿದ್ದ ಕಾರಣ, 2010ರ ಒಪ್ಪಂದದಂತೆ 4.5 ಕೋಟಿ ಡಾಲರ್ ಮರಳಿಸಬೇಕಾಯಿತು. 2014ರಲ್ಲಿ ಅದರ ಜೆರುಸಲೆಮ್ ಆಸ್ಪತ್ರೆ ಸಾಲ ಕೊಟ್ಟವರ ವಿರುದ್ಧ ನ್ಯಾಯಾಲಯದ ರಕ್ಷಣೆ ಕೋರುವ ಸ್ಥಿತಿಗೆ ಬಂತು. ಇಂಥ ಹೊರೆಯನ್ನು ಬಿಡುವಿನ ವೇಳೆಯಲ್ಲಿ ದುಡಿಯುವ ಮಂಡಳಿಯೊಂದೇ ಹೊರಬೇಕೆನ್ನುವುದು ಸರಿಯಲ್ಲ. ಹಣಕಾಸು ಬಲ್ಲ ಸಂಬಳದ ಸಿಬ್ಬಂದಿ ಬೇಕೇ ಬೇಕು. ಸಿಬ್ಬಂದಿ ಬೆಳೆದಂತೆ ಮಂಡಳಿಯ ಹೆಂಗಸರು ಸಹಿ ಹಾಕುವವರಾಗಿ ಮಾತ್ರ ಉಳಿಯುವ ಅಪಾಯವೂ ಅಷ್ಟೇ ನಿಜ.

ಹಾಗಾದರೆ ದುಡಿಯುವ ಹೆಣ್ಣುಮಗಳು ಈ ಬಗೆಯ ನಾಯಕತ್ವ ವಹಿಸಲಾರಳೇ? ವಹಿಸಿದವರಿದ್ದಾರೆ, ಅವರಲ್ಲಿ ಒಬ್ಬರು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯದವರು ಹಿಂದೆ ಎಣ್ಣೆಯ ಗಾಣ ನಡೆಸಿಕೊಂಡು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಮರಾಠಿಯಲ್ಲಿ ‘ಶನಿವಾರ ತೇಲಿ’ ಎಂದು ಹೆಸರಾದವರು. ಆ ಸಮುದಾಯದ ಡಾ. ಜೆರೂಷಾ ಝಿರಾಡ್ 1890ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿ, ಪುಣೆ ಮತ್ತು ಮುಂಬೈಯಲ್ಲಿ ಓದಿ, 1919ರಲ್ಲಿ ಲಂಡನ್ನಿನಲ್ಲಿ ಪ್ರಸೂತಿ ವೈದ್ಯದಲ್ಲಿ ಎಂ.ಡಿ. ಪಡೆದರು. 1928ರಿಂದ 1947ರವರೆಗೆ ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದರು. 1966ರಲ್ಲಿ ಪದ್ಮಶ್ರೀ ಬಂತು. ಇಷ್ಟು ದೊಡ್ಡ ವೃತ್ತಿಯ ನಡುವೆಯೇ 1925ರಲ್ಲಿ, ಲಂಡನ್ನಿನ ಲಿಲಿ ಮಾಂಟೆಗು ಅವರ ಪ್ರೇರಣೆಯೊಂದಿಗೆ, ಮುಂಬೈಯಲ್ಲಿ ಉದಾರವಾದಿ ಯೆಹೂದಿಗಳ ಧಾರ್ಮಿಕ ಒಕ್ಕೂಟವನ್ನು ಕಟ್ಟುವಲ್ಲಿ ಮುಂದಾಳಾಗಿದ್ದರು. ಆಸ್ತಿಯ ಬಲವಿಲ್ಲದೆ, ಸ್ವಂತ ಸಂಪಾದನೆಯ ಬಲದಿಂದಲೇ ಸಮುದಾಯದಲ್ಲಿ ಮಾತನಾಡುವ ಸ್ವಾತಂತ್ರ್ಯ ಪಡೆದವರು ಅವರು. ನಮ್ಮ ಕನ್ನಡ ನೆಲದಲ್ಲಿ ಹುಟ್ಟಿದ ಇವರ ಹೆಸರು ನಮ್ಮ ಪಠ್ಯಗಳಲ್ಲಿ ಕಾಣುವುದೇ ಇಲ್ಲ ಎನ್ನುವಷ್ಟು ವಿರಳವಾಗಿರುವುದು ಬೇಸರದ ವಿಷಯ.

ಝಿರಾಡ್ ಅವರಂಥ ದೈತ್ಯ ಶಕ್ತಿಯನ್ನು ಎಲ್ಲರಿಂದ ನಿರೀಕ್ಷಿಸುವುದು ಮಾತ್ರ ಮತ್ತೆ ಅದೇ ತಪ್ಪನ್ನು ಮಾಡಿದಂತಾಗುತ್ತದೆ. ಹೊರಗಿನ ನೌಕರಿ, ಮನೆಯೊಳಗಿನ ಕೆಲಸ, ಇವೆರಡರ ಮೇಲೆ ಮೂರನೆಯ ಪಾಳಿಯಾಗಿ ಸಂಘದ ಕೆಲಸ ಎಂದರೆ ಹೆಚ್ಚಿನವರು ಎರಡೇ ವರ್ಷಕ್ಕೆ ಬಳಲುತ್ತಾರೆ. ಅಧ್ಯಕ್ಷ ಪದವಿಯನ್ನು ಇಬ್ಬರು ಹಂಚಿಕೊಳ್ಳುವುದು, ಅವಧಿಯನ್ನು ಚಿಕ್ಕದು ಮಾಡುವುದು, ಸಭೆಗಳನ್ನು ರಾತ್ರಿ ವಿಡಿಯೊ ಕರೆಯಲ್ಲಿ ನಡೆಸುವುದು ಇವನ್ನೆಲ್ಲ ಸಂಸ್ಥೆಗಳು ಪ್ರಯತ್ನಿಸುತ್ತಿವೆ. ಇವುಗಳಿಂದ ಹೊಸಬರಿಗೆ ಒಳಬರುವುದು ಸುಲಭವಾಗುತ್ತದೆ. ಆದರೆ ನಲವತ್ತು ವರ್ಷದ ನೆನಪು ಎರಡು ವರ್ಷದ ಅವಧಿಗಳಲ್ಲಿ ಹರಿದುಹೋಗದಂತೆ ನೋಡಿಕೊಳ್ಳಲು ಇವಿಷ್ಟೇ ಸಾಲವು. ಹಿರಿಯ ಸ್ವಯಂಸೇವಕಿಯರ ಅನುಭವವನ್ನು ಅವರು ಬದುಕಿರುವಾಗಲೇ ಕೇಳಿ ಬರೆದಿಡುವ ಕೆಲಸ, ಸನ್ಮಾನದ ಊಟಕ್ಕಿಂತ ಮೊದಲು ಆಗಬೇಕು.

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಆಯವ್ಯಯದಲ್ಲಿ ಆಗಬೇಕು. ಮಂಡಳಿಯ ಸದಸ್ಯೆಗೆ ಸಭೆಯ ದಿನ ಮಗುವನ್ನು ನೋಡಿಕೊಳ್ಳುವವರ ಕೂಲಿ, ಪ್ರಯಾಣದ ಖರ್ಚು, ರಜೆ ಹಾಕಿ ಬಂದವರಿಗೆ ಕಳೆದುಹೋದ ದಿನಗೂಲಿ ಇವು ಸಂಸ್ಥೆಯ ಲೆಕ್ಕದಲ್ಲಿ ಬಹಿರಂಗವಾಗಿ ಬರೆದಿರಬೇಕು. ಕೇಳಲು ಸಂಕೋಚಪಡುವವರಿಗೂ ಅದು ತಾನಾಗಿ ತಲುಪಬೇಕು. ಹಣ ಮುಟ್ಟಿದರೆ ಸೇವೆಯ ಪಾವಿತ್ರ್ಯ ಕೆಡುತ್ತದೆ ಎಂಬ ಆಕ್ಷೇಪ ಪಾಪೆನ್‌ಹೈಮ್ ಅವರ ಕಾಲದಿಂದಲೂ ಇದೆ, ಮತ್ತು ಅದನ್ನು ಹೇಳುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆ ಆಕ್ಷೇಪಕ್ಕೆ ಉತ್ತರ ಹದಸ್ಸಾದ ಸ್ವಂತ ಚರಿತ್ರೆಯಲ್ಲಿದೆ. ಜೋಲ್ಡ್ ಅವರ ಹೊಟ್ಟೆಬಟ್ಟೆಯ ಚಿಂತೆಯನ್ನು ಸ್ನೇಹಿತರು ವಹಿಸಿಕೊಂಡದ್ದು 1916ರಲ್ಲಿ. ಆಮೇಲೆ ಅವರು ಹಗಲು ರಾತ್ರಿ ಎನ್ನದೆ ಪತ್ರ ಬರೆದು, ಹಣ ಕೂಡಿಸಿ, ಯುದ್ಧ ನಡೆಯುತ್ತಿರುವಾಗಲೇ ಅನುಮತಿಗಳಿಗಾಗಿ ಓಡಾಡಿದರು. 1918ರಲ್ಲಿ ವೈದ್ಯರು, ದಂತವೈದ್ಯರು, ನರ್ಸುಗಳು ಸೇರಿದಂತೆ ಸುಮಾರು 45 ಜನರ ತಂಡ ಔಷಧಿಯ ಪೆಟ್ಟಿಗೆಗಳೊಂದಿಗೆ ಪ್ಯಾಲೆಸ್ಟೈನಿಗೆ ಹೊರಡಲು ಹಡಗು ಹತ್ತಿತು.